ಡಾರ್ಟ್ ಕಪ್ಪೆ ವಿವೇರಿಯಂ: ಬ್ರೊಮೆಲಿಯಡ್ ಕೊಳೀತಿದೆ, ಮಣ್ಣಲ್ಲಿ ಕೊಳೆತ ಮೊಟ್ಟೆ ವಾಸನೆ

ಹಸಿರುಗಾಜು:
ಡಾರ್ಟ್ ಕಪ್ಪೆಗಳಿಗೆ (ಬಣ್ಣಬಣ್ಣದ ಪುಟ್ಟ ಕಾಡುಕಪ್ಪೆ) ವಿವೇರಿಯಂ, ಅಂದರೆ ಗಿಡ ನೆಟ್ಟ ಗಾಜಿನ ಟ್ಯಾಂಕ್ ಮಾಡಿದ್ದೇನೆ, 45×45×60 ಸೆಂ.ಮೀ. ತಳದಲ್ಲಿ 2 ಸೆಂ.ಮೀ. ಕ್ಲೇ ಬಾಲ್ಸ್ (ಸುಟ್ಟ ಮಣ್ಣಿನ ಹಗುರ ಗುಂಡುಗಳು), ಅದರ ಮೇಲೆ ನೇರವಾಗಿ 8 ಸೆಂ.ಮೀ. ಕೊಕೊಪೀಟ್. ಮೇಲೆ ಪೂರ್ತಿ ಗಾಜು ಮುಚ್ಚಿದೆ. ದಿನಕ್ಕೆ 6 ಸಲ, ಒಂದೊಂದು ನಿಮಿಷ ಮಿಸ್ಟಿಂಗ್ (ನೀರಿನ ತುಂತುರು). ನಿಯೊರೆಜೀಲಿಯಾಗಳ (ಅನಾನಸ್ ಜಾತಿಯ ಬ್ರೊಮೆಲಿಯಡ್ ಗಿಡ) ಬುಡ ಕಂದಾಗಿ ಮೆತ್ತಗಾಗಿದೆ, ಫೈಕಸ್ ಪ್ಯುಮಿಲಾ ಬಳ್ಳಿ ಮಾತ್ರ ಚೆನ್ನಾಗಿದೆ. ಮಣ್ಣು ಕೆದಕಿದರೆ ಕೊಳೆತ ಮೊಟ್ಟೆ ವಾಸನೆ. ಲ್ಯೂಕೊಮೆಲಾಸ್ (ಹಳದಿ-ಕಪ್ಪು ಪಟ್ಟೆಯ ಡಾರ್ಟ್ ಕಪ್ಪೆ) ಮರಿಗಳು ಮುಂದಿನ ವಾರ ಬರುತ್ತವೆ. ಏನು ಮಾಡಲಿ?

ಕೆರೆದಂಡೆ:
ಕಪ್ಪೆಗಳನ್ನು ಇದರೊಳಗೆ ಬಿಡಲೇಬೇಡಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ದು. ತಳದ ನೀರು ಮಣ್ಣಿಗೆ ತಾಗಿದೆ, ಕೊಕೊಪೀಟ್ ಅದನ್ನು ಮೇಲಕ್ಕೆ ಹೀರುತ್ತಿದೆ, ಒಳಗೆ ಗಾಳಿಯೇ ಇಲ್ಲ. ಪಕ್ಕದ ಗಾಜಿನಿಂದ ನೋಡಿ, ನೀರಿನ ಗೆರೆ ಕಾಣುತ್ತದೆ.

ಬರೀ ನೀರು ಹೀರಿ ತೆಗೆದರೆ ಸಾಲದು, ಮಣ್ಣು ಪೂರ್ತಿ ತೆಗೆಯಿರಿ. ಕ್ಲೇ ಬಾಲ್ಸ್ ತೊಳೆದು 5–6 ಸೆಂ.ಮೀ. ಹಾಕಿ, ಮೇಲೆ ಕಿಟಕಿಯ ಫೈಬರ್‌ಗ್ಲಾಸ್ ಸೊಳ್ಳೆಜಾಲರಿ ಹಾಸಿ (ಕಬ್ಬಿಣದ್ದು ಬೇಡ, ತುಕ್ಕು ಹಿಡಿಯುತ್ತದೆ). ಒಂದು ಮೂಲೆಯಲ್ಲಿ ಪಿವಿಸಿ ಪೈಪ್ ನಿಲ್ಲಿಸಿದರೆ ಮುಂದೆ ಅದರೊಳಗಿಂದಲೇ ಟ್ಯೂಬ್ ಇಳಿಸಿ ನೀರು ತೆಗೆಯಬಹುದು. ಪೈಪ್ ಬಾಯಿ ಮುಚ್ಚಿಡಿ, ಕಪ್ಪೆ ಬೀಳುತ್ತದೆ. ಮಣ್ಣಿಗೆ ಎಬಿಜಿ (ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್) ಮಿಶ್ರಣ: ಟ್ರೀ ಫರ್ನ್ ನಾರು 2 ಪಾಲು, ಸಣ್ಣ ಆರ್ಕಿಡ್ ತೊಗಟೆ 2, ಇದ್ದಿಲು 1, ಸ್ಫ್ಯಾಗ್ನಮ್ ಪಾಚಿ 1, ಪೀಟ್ 1. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ.

ನಿಯೊರೆಜೀಲಿಯಾ ಮರದ ಮೇಲೆ ಬೆಳೆಯುವ ಗಿಡ, ಮಣ್ಣಲ್ಲಿ ಹೂಳಬಾರದು. ನಡುವಿನ ಎಲೆ ಎಳೆದರೆ ಕಿತ್ತು ಬಂದರೆ ಅದು ಹೋಯಿತು, ಮರಿ ಸಸಿ ಇದ್ದರೆ ಉಳಿಸಿಕೊಳ್ಳಿ. ಗಟ್ಟಿ ಇದ್ದರೆ ಕೊಳೆತದ್ದನ್ನು ಬಿಳಿ ಭಾಗ ಸಿಗುವವರೆಗೆ ಕತ್ತರಿಸಿ, ಒಂದು ದಿನ ಒಣಗಿಸಿ, ಕಾರ್ಕ್ ತೊಗಟೆಗೆ ಮೀನಿನ ಗಾಳದ ದಾರದಿಂದ ಕಟ್ಟಿ.

ಹಸಿರುಗಾಜು:
ತೇವಾಂಶ ಶೇ. 80 ಬೇಕಲ್ಲ ಸರ್, ಮಿಸ್ಟಿಂಗ್ ಕಡಿಮೆ ಮಾಡಿದರೆ ಬೀಳಲ್ವಾ?

ಎಲೆಹಾಸು:
ಗಾಳಿಯ ತೇವ ಬೇರೆ, ನೆನೆದ ಮಣ್ಣು ಬೇರೆ. ದಿನಕ್ಕೆ 2–3 ಸಲ, 30 ಸೆಕೆಂಡಿನಿಂದ ಶುರು ಮಾಡಿ. ಎರಡು ಸಲದ ನಡುವೆ ಎಲೆಗಳ ಮೇಲ್ಮೈ ಒಣಗಬೇಕು. ಮೇಲಿನ ಗಾಜಿನಲ್ಲಿ ಹಿಂಬದಿಗೆ 4–5 ಸೆಂ.ಮೀ. ಪಟ್ಟಿ ಬಿಟ್ಟು ಜಾಲರಿ ಹಾಕಿ. ಕಣ್ಣು ತೀರಾ ಸಣ್ಣದಿರಲಿ, ಇಲ್ಲದಿದ್ದರೆ ಕಪ್ಪೆಗೆ ತಿನ್ನಲು ಬಿಟ್ಟ ಹಣ್ಣಿನ ನೊಣವೆಲ್ಲ ಹೊರಗೆ. ಪೂರ್ತಿ ಮುಚ್ಚಿದ ಟ್ಯಾಂಕಿನಲ್ಲಿ ಲೈಟಿನ ಬಿಸಿಯೂ ಸಿಕ್ಕಿಬೀಳುತ್ತದೆ. 22–26 ಡಿಗ್ರಿಯಲ್ಲಿರಬೇಕು, 30 ಮುಟ್ಟಿದರೆ ಕಪ್ಪೆ ಉಳಿಯುವುದು ಕಷ್ಟ.

ನರ್ಸರಿ ಗಿಡದ ಬೇರಿನ ಮಣ್ಣು ಪೂರ್ತಿ ತೊಳೆದಿದ್ದೀರಾ? ಅದರಲ್ಲಿನ ಗೊಬ್ಬರದ ಗುಂಡುಗಳು ಅಪಾಯ, ಕಪ್ಪೆ ಚರ್ಮದಿಂದಲೇ ಹೀರಿಕೊಳ್ಳುತ್ತದೆ.

ಮಣ್ಣಿನ ಮೇಲೆ 3 ಸೆಂ.ಮೀ. ಒಣಎಲೆ, ಕುದಿಸಿದ್ದು. ಸ್ಪ್ರಿಂಗ್‌ಟೇಲ್, ಕುಬ್ಜ ಬಿಳಿ ಐಸೊಪಾಡ್ (ಎರಡೂ ಕೊಳೆತದ್ದನ್ನು ತಿನ್ನುವ ಪುಟ್ಟ ಜೀವಿಗಳು) ಬಿಟ್ಟು ಕನಿಷ್ಠ ನಾಲ್ಕು ವಾರ ಕಾಯಿರಿ. ಆಗ ಮರದ ತುಂಡಿನ ಮೇಲೆ ಬಿಳಿ ಬೂಸ್ಟು ಬರುತ್ತದೆ, ಬರಲಿ, ಸ್ಪ್ರಿಂಗ್‌ಟೇಲ್‌ಗಳೇ ತಿನ್ನುತ್ತವೆ.

ಅಲ್ಲಿವರೆಗೆ ಮರಿಗಳು ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ: ಒದ್ದೆ ಪೇಪರ್ ಟವೆಲ್, ಒಂದೆರಡು ಎಲೆ, ಒಂದು ಪೋಥೋಸ್ (ಮನಿ ಪ್ಲಾಂಟ್) ಕಡ್ಡಿ. ಹೇಗೂ ಕ್ವಾರಂಟೈನ್ ಮಾಡಲೇಬೇಕು, ಹಿಕ್ಕೆ ಪರೀಕ್ಷೆಗೂ ಕೈಟ್ರಿಡ್ (ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ) ಪತ್ತೆಯ ಸ್ವಾಬ್‌ಗೂ ಇದೇ ಸರಿಯಾದ ಸಮಯ.