ಪಿಎಚ್‌ಡಿ ಕೆಲಸಕ್ಕೆ ಒಂದು ವರ್ಷ ಮೈಸೂರಿಗೆ: ಅನುಭವ ಇದ್ದವರು ಹೇಳಿ

ನಮಸ್ಕಾರ. ನಾನು ಹುಟ್ಟಿದ್ದು ಹಾಸನದಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ. ಈಗ ಅಲ್ಲಿನ ಪ್ರಜೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಹಳೇ ಮೈಸೂರು ಕಡೆಯ ಕೆರೆಗಳನ್ನು ಊರಿನವರು ಹೇಗೆ ನೋಡಿಕೊಳ್ಳುತ್ತಿದ್ದರು ಅನ್ನುವುದು ನನ್ನ ವಿಷಯ. ಹಳೆಯ ಕಡತ ನೋಡಬೇಕು, ಹಳ್ಳಿಗಳಲ್ಲಿ ಹಿರಿಯರನ್ನು ಮಾತಾಡಿಸಬೇಕು. ಹೊರಡುವ ಮುಂಚೆ ಏನೇನು ಮಾಡಿಕೊಳ್ಳಲಿ? ಅಲ್ಲಿ ಒಬ್ಬಳೇ ಇರುವುದು ಹೇಗೆ?

ಉತ್ತರ

ನಾನೂ ನಿಮ್ಮ ಹಾಗೇ ಹೊರದೇಶದಿಂದ ಬಂದು ಮಂಡ್ಯ, ತುಮಕೂರು ಕಡೆ ಕೆರೆಗಳ ಮೇಲೆ ಕೆಲಸ ಮಾಡಿದವಳು.

ಮೊದಲು ಕಾಗದಪತ್ರ. ಒಸಿಐ ಇದ್ದರೆ ಬಂದು ಇರುವುದಕ್ಕೆ ಅಡ್ಡಿಯಿಲ್ಲ. ಆದರೆ ಸಂಶೋಧನೆಗೆ ಬೇರೆಯೇ ಅನುಮತಿ ಬೇಕು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲೇ ಇದು ಇದೆ. ಭಾರತದ ದೂತಾವಾಸದ ಮೂಲಕ ಅಥವಾ ಇಲ್ಲಿನ ವಿದೇಶಿಯರ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ) ಮೂಲಕ ಅರ್ಜಿ ಹಾಕಬೇಕು. ಟಿಕೆಟ್ ಆಮೇಲೆ ತೆಗೆಯಿರಿ. ಇಲ್ಲಿನ ಯಾವುದಾದರೂ ವಿಶ್ವವಿದ್ಯಾಲಯದಿಂದ ಅಫಿಲಿಯೇಷನ್ ಪತ್ರ, ಅಂದರೆ ನೀವು ಅವರ ಜೊತೆ ಸೇರಿ ಕೆಲಸ ಮಾಡುತ್ತೀರಿ ಅನ್ನುವ ಪತ್ರ, ತರಿಸಿಕೊಳ್ಳಿ. ಲೆಟರ್‌ಹೆಡ್ ಮೇಲೆ, ಸಹಿ ಸೀಲು ಸಮೇತ. ಪತ್ರಾಗಾರದಲ್ಲೂ ಮೊದಲು ಅದನ್ನೇ ಕೇಳುತ್ತಾರೆ, ಜೆರಾಕ್ಸ್ ಪ್ರತಿಗಳು ಜಾಸ್ತಿನೇ ಇರಲಿ.

ಕಡತ ನೋಡುವ ಕೆಲಸ ನಿಧಾನ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ. ದಸರಾ ಹೊತ್ತಲ್ಲಿ ಮೈಸೂರಲ್ಲಿ ಕಚೇರಿ ಕೆಲಸ ಆಗುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಕಡತ ತಂದುಕೊಡುವ ಸಿಬ್ಬಂದಿಗೆ ನಿಮ್ಮ ವಿಷಯ ಏನು ಅಂತ ಕೂತು ವಿವರಿಸಿ. ಸೂಚಿಯಲ್ಲಿ ಇಲ್ಲದ ಕಟ್ಟು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ. ನನಗೆ ಸಿಕ್ಕ ಒಳ್ಳೆಯ ಕಾಗದಗಳೆಲ್ಲ ಸಿಕ್ಕಿದ್ದು ಹೀಗೇ: ಇಂಗ್ಲಿಷ್ ಪತ್ರವ್ಯವಹಾರದ ನಡುವೆ ಹೊಲೆದು ಸೇರಿಸಿದ, ಅಂಚು ಉದುರುವ ಕನ್ನಡ ಅರ್ಜಿಗಳು. ತೂಬು ಒಡೆದಿದೆ, ಗದ್ದೆಗೆ ನೀರಿಲ್ಲ ಅಂತ ಊರಿನವರು ಬರೆದುಕೊಂಡದ್ದು.

ಹಳ್ಳಿಗೆ ಹೋಗುವ ಮುಂಚೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ಆ ಊರಿನ ಶಾಸನ ಇದೆಯಾ ನೋಡಿ. ಕೆರೆ ಕಟ್ಟಿಸಿದವರಿಗೆ ಬಿಟ್ಟ ಕಟ್ಟುಕೊಡಗೆ ಭೂಮಿಯ ವಿವರ ಎಷ್ಟೋ ಶಾಸನಗಳಲ್ಲಿ ಬರುತ್ತೆ. ಅದನ್ನು ಊರವರಿಗೆ ಓದಿ ಹೇಳಿ. ಕಲ್ಲು ಈಗ ಎಲ್ಲಿದೆ, ಆ ಗದ್ದೆ ಈಗ ಯಾರದು ಅಂತ ತಾವೇ ಮಾತು ಶುರು ಮಾಡುತ್ತಾರೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಹೊರಗಿಂದ ಬಂದವರನ್ನು ಊರಿನವರು ಮೊದಲು ಕರೆದೊಯ್ಯುವುದು ದೊಡ್ಡವರ ಮನೆ ಜಗಲಿಗೆ. ಕಾಫಿ ಕೊಡುತ್ತಾರೆ, ಪ್ರೀತಿಯಿಂದ ಮಾತಾಡುತ್ತಾರೆ. ಅಲ್ಲೇ ಕೂತುಬಿಟ್ಟರೆ ನಿಮ್ಮ ಪ್ರಬಂಧ ಆ ಜಗಲಿಯ ಪ್ರಬಂಧ ಆಗುತ್ತೆ. ಕೆರೆಯ ನೀರು ಬಿಡುತ್ತಿದ್ದವರು ನೀರುಗಂಟಿಗಳು. ನಾನು ಹೋದ ಕಡೆ ಅವರಲ್ಲಿ ಹೆಚ್ಚಿನವರು ದಲಿತ ಕೇರಿಯವರು. ಗೌಡರ ಜಗಲಿಗೆ ಕರೆಸಿದರೆ ಅವರು ಬಾಗಿಲಾಚೆ ನಿಂತು "ಹೂಂ, ದೊಡ್ಡೋರು ಹೇಳಿದಂಗೇ" ಅಂದು ಹೋಗಿಬಿಡುತ್ತಾರೆ. ಅದರ ಬದಲು ಬೆಳಿಗ್ಗೆ ಬೇಗ ಕೆರೆ ಏರಿ ಮೇಲೆ ಅವರ ಜೊತೆ ನಡೆಯಿರಿ. ಒಬ್ಬ ಹಿರಿಯರು ತೂಬಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಮೇಲಿನ ಗೆರೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. ನೀರು ಇಲ್ಲಿಗೆ ಇಳಿದರೆ ಭತ್ತದ ಮಾತಿಲ್ಲ, ರಾಗಿಯೇ ಗತಿ ಅಂದರು. ಬರಗಾಲದಲ್ಲಿ ಯಾರ ಗದ್ದೆಗೆ ಮೊದಲು ನೀರು ಹೋಗುತ್ತಿತ್ತು, ನೀರು ಬಿಟ್ಟದ್ದಕ್ಕೆ ತಮ್ಮ ಮನೆಗೆ ಎಷ್ಟು ಕಾಳು ಬರಬೇಕಿತ್ತು, ಎಷ್ಟು ಬಂತು, ಎಲ್ಲ ಅಲ್ಲೇ ಹೇಳಿದರು. ಯಾವ ಕಡತದಲ್ಲೂ ನನಗೆ ಅದು ಸಿಕ್ಕಿರಲಿಲ್ಲ.

"ಯಾವೂರು, ಯಾರ ಮಗಳು, ಯಾವ ಜನ" ಅಂತ ನಿಮ್ಮನ್ನೂ ಕೇಳುತ್ತಾರೆ. ತಪ್ಪಿಸಿಕೊಳ್ಳಬೇಡಿ. ನೀವು ಹೇಳುವ ಉತ್ತರದ ಮೇಲೆ ಅವರು ಏನು ಹೇಳುತ್ತಾರೆ, ಏನು ಬಿಡುತ್ತಾರೆ ಅನ್ನುವುದು ನಿಂತಿರುತ್ತೆ. ಅದನ್ನೂ ಅವತ್ತಿನ ಟಿಪ್ಪಣಿಯಲ್ಲಿ ಬರೆದಿಡಿ. ಮತ್ತೆ, ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಹಿರಿಯರು ಹೆದರುತ್ತಾರೆ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಕತೆ ಎಲ್ಲ ಊರಲ್ಲೂ ಇದೆ, ಅಲ್ವಾ? ಒಪ್ಪಿಗೆಯನ್ನು ಬಾಯಿಮಾತಲ್ಲಿ ರೆಕಾರ್ಡ್ ಮಾಡಿಕೊಳ್ಳಲು ನಿಮ್ಮ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಯಿಂದ (ಸಂಶೋಧನಾ ನೈತಿಕತೆಯ ಸಮಿತಿ) ಮೊದಲೇ ಅನುಮತಿ ಪಡೆದಿರಿ.

ಮನೆ ಬಗ್ಗೆ: ಇನ್ನೊಬ್ಬರ ಉತ್ತರ

ನೋಡಮ್ಮ, ಸರಸ್ವತಿಪುರಂನಲ್ಲಿ ನಮ್ಮ ಮಹಡಿ ಮನೆಯನ್ನು ಹೊರದೇಶದ ವಿದ್ಯಾರ್ಥಿಗಳಿಗೆ ಕೊಡುತ್ತಾ ಬಂದಿದ್ದೇವೆ. ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಗೆ ಹತ್ತಿರ ಅಂತ ಕೇಳಿಕೊಂಡು ಬರುತ್ತಾರೆ. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಮನೆ ಮಾಲೀಕರು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಅವರ ವಿವರ ಕೊಡಬೇಕು (ಇದಕ್ಕೆ ಮೊದಲು ಸಿ ಫಾರಂ ಇತ್ತು). ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇಲ್ಲ, ಮುಂಗಡ ಕೊಡುವ ಮುಂಚೆ ಕೇಳಿಕೋ. ಬಾಡಿಗೆ ಕರಾರು ಪತ್ರ ಮಾಡಿಸಿಕೋ. ಜೊತೆಗೆ ಸಂಶೋಧನಾ ವೀಸಾದ ಗೆಳತಿ ಯಾರಾದರೂ ಬರುತ್ತಿದ್ದರೆ, ವೀಸಾ 180 ದಿನ ಮೀರಿದ್ದಾದರೆ ಬಂದ 14 ದಿನದೊಳಗೆ ಅವಳು ನೋಂದಣಿ ಮಾಡಿಸಬೇಕು. ಒಬ್ಬಳೇ ಇರುತ್ತೀಯಲ್ಲ, ರಾತ್ರಿ ಹಳ್ಳಿಯಿಂದ ಬರುವುದು ತಡವಾಗುತ್ತೆ ಅಂದರೆ ಮಾಲೀಕರಿಗೆ ಒಂದು ಫೋನ್ ಮಾಡು.

ಇನ್ನೊಂದು ಮಾತು: ಮೂರನೆಯವರ ಉತ್ತರ

ನಾನು ಸಸ್ಯಶಾಸ್ತ್ರದವನು. ಕೆರೆ ಅಂದಮೇಲೆ ಮೀನು, ಭತ್ತದ ತಳಿ, ಗಿಡದ ಮಾದರಿ ಎತ್ತಿಕೊಳ್ಳುವ ಆಸೆ ಆಗುತ್ತೆ. ಸುಮ್ನೆ ಎತ್ತಿಕೊಳ್ಳಬೇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆ ಪ್ರಕಾರ ಭಾರತದ ಪ್ರಜೆಯಲ್ಲದವರು ಸಂಶೋಧನೆಗೆ ಇವನ್ನು ತೆಗೆದುಕೊಳ್ಳಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಸ್ಯಾಟಲೈಟ್ ಫೋನನ್ನೂ ಅಲ್ಲೇ ಬಿಟ್ಟು ಬನ್ನಿ. ಅನುಮತಿ ಇಲ್ಲದೆ ತಂದರೆ ಪೊಲೀಸ್ ಕೇಸ್ ಆಗುತ್ತೆ.