ಬೇಡವೆಂದರೂ ವೆಬ್ ವಿಳಾಸದ ಬಾಲಕ್ಕೆ ಸ್ಲ್ಯಾಶ್ (/) ಅಂಟಿಕೊಳ್ಳುತ್ತಿದೆ, ಬಲ್ಲವರು ತಿಳಿಸಿ

ಪ್ರಶ್ನೆ: ವೆಬ್ ಪುಟ ಒದಗಿಸುವ ನಮ್ಮ ಎಂಜಿನ್‌ಎಕ್ಸ್ ಸರ್ವರ್ ಇನ್ನೊಂದು ಪ್ರಾಕ್ಸಿಯ (ಹೊರಗಿನ ವಿನಂತಿ ಪಡೆದು ಒಳಕ್ಕೆ ದಾಟಿಸುವ ಸರ್ವರ್) ಹಿಂದೆ 8080 ಪೋರ್ಟಿನಲ್ಲಿದೆ. ‘/ವರದಿ’ ಎಂದು ಕೇಳಿದರೆ 301 (‘ಪುಟ ಕಾಯಂ ಆಗಿ ಬೇರೆ ವಿಳಾಸಕ್ಕೆ ಹೋಗಿದೆ’ ಎಂಬ ಸಂಕೇತ) ಕೊಟ್ಟು ‘/ವರದಿ/’ಗೆ ಅಟ್ಟುತ್ತದೆ. ಅದೂ ಹೊರಗಿನವರಿಗೆ ತೆರೆಯದ 8080ಕ್ಕೇ! ತಪ್ಪಿಸುವುದು ಹೇಗೆ?

— ಇಲ್ಲಿರುವುದು ಎರಡು ತೊಂದರೆ. ಡಿಸ್ಕಿನಲ್ಲಿ ‘ವರದಿ’ ಎಂಬ ಫೋಲ್ಡರ್ ಇದೆ ತಾನೆ? ಸರ್ವರ್ ಏನೇನು ಹುಡುಕಬೇಕೆಂದು ಹೇಳುವ ಟ್ರೈ_ಫೈಲ್ಸ್ ಸಾಲಿನಲ್ಲಿ ‘$ಯುಆರ್‌ಐ/’ (ಕೇಳಿದ ವಿಳಾಸದ ಹೆಸರಿನ ಫೋಲ್ಡರ್) ಇದ್ದರೆ ಸರ್ವರ್ ಆ ಫೋಲ್ಡರನ್ನು ಕಂಡೊಡನೆ ಸ್ಲ್ಯಾಶ್ ಸೇರಿಸಿ ವಾಪಸು ಕಳುಹಿಸುತ್ತದೆ. ಅದನ್ನು ಅಳಿಸಿ ‘$ಯುಆರ್‌ಐ/ಇಂಡೆಕ್ಸ್.ಎಚ್‌ಟಿಎಂಎಲ್’ ಎಂದು ಬರೆಯಿರಿ. ಆಗ ಪುಟವನ್ನೇ ನೇರವಾಗಿ ಕೊಡುತ್ತದೆ. ಪೋರ್ಟ್ ನುಸುಳುವುದಕ್ಕೆ ‘ಆಬ್ಸೊಲ್ಯೂಟ್_ರೀಡೈರೆಕ್ಟ್ ಆಫ್’ (ಬೇರೆಡೆ ಅಟ್ಟುವಾಗ ಪೋರ್ಟ್ ಸೇರಿಸದೆ ದಾರಿಯನ್ನಷ್ಟೇ ಹೇಳು ಎಂಬ ಸೂಚನೆ) ಸಾಕು, 1.11.8ರಿಂದ ಈಚಿನ ಆವೃತ್ತಿಗಳಲ್ಲಿದೆ. ಹಳೆಯದಾದರೆ ‘ಪೋರ್ಟ್_ಇನ್_ರೀಡೈರೆಕ್ಟ್ ಆಫ್’.

— ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಬಳಸುವವರು ಇದನ್ನು ಓದಿ, ಸ್ಲ್ಯಾಶ್ ಸೇರಿಸುವುದನ್ನು ನಿಲ್ಲಿಸುವ ‘ಡೈರೆಕ್ಟರಿಸ್ಲ್ಯಾಶ್ ಆಫ್’ ಎಂದು ಬರೆಯಲು ಓಡಬೇಡಿ. ನಾನು ಓಡಿದವನೇ. ಫೋಲ್ಡರಿನ ಪಟ್ಟಿ ತೋರಿಸುವ ‘ಇಂಡೆಕ್ಸಸ್’ ಆಯ್ಕೆ ಚಾಲೂ ಇದ್ದುದು ಗಮನಕ್ಕೆ ಬಂದಿರಲಿಲ್ಲ. ಸ್ಲ್ಯಾಶ್ ಇದ್ದ ವಿಳಾಸಕ್ಕೆ ಮುಖಪುಟ ಸರಿಯಾಗಿ ಬರುತ್ತಿತ್ತು; ಸ್ಲ್ಯಾಶ್ ಇಲ್ಲದ ವಿಳಾಸಕ್ಕೆ ಒಳಗಿನ ಕಡತಗಳ ಪಟ್ಟಿಯೆಲ್ಲ ಬಟಾಬಯಲು. ಎರಡು ದಿನ ಹಾಗೇ ಇತ್ತು, ನೆನೆದರೆ ಈಗಲೂ ಮುಜುಗರ. ಮೊದಲು ‘ಆಪ್ಷನ್ಸ್ -ಇಂಡೆಕ್ಸಸ್’ ಹಾಕಿ. ಆಮೇಲೂ ಮುಖಪುಟ ತಾನಾಗಿ ಬರುವುದಿಲ್ಲ, ಕೇಳಿದ ವಿಳಾಸವನ್ನು ಸರ್ವರಿನ ಒಳಗೇ ಬದಲಿಸುವ ರೀರೈಟ್ ನಿಯಮ ನೀವೇ ಬರೆಯಬೇಕು. ಇಷ್ಟೆಲ್ಲ ಮಾಡುವ ಬದಲು ಸ್ಲ್ಯಾಶ್ ಜೊತೆಗೇ ಬದುಕುವುದು ಮೇಲು ಎಂದು ನನಗೆ ಅನ್ನಿಸಿದೆ.

— ಬದುಕಬಹುದು ಸರ್, ಆದರೆ ಪೋಸ್ಟ್ ವಿನಂತಿ (ಫಾರ್ಮಿನ ಮಾಹಿತಿ ಕಳುಹಿಸುವಂಥದ್ದು) ಇರುವಲ್ಲಿ ಅಲ್ಲ. 301 ಸಿಕ್ಕಾಗ ಬ್ರೌಸರುಗಳು ಪೋಸ್ಟನ್ನು ಗೆಟ್ (ಪುಟವನ್ನು ಕೇಳುವ ವಿನಂತಿ) ಮಾಡಿಬಿಡುತ್ತವೆ, ಫಾರ್ಮಿನಲ್ಲಿ ತುಂಬಿದ್ದೆಲ್ಲ ದಾರಿಯಲ್ಲೇ ಮಾಯ. ಅಂಥ ಕಡೆ ಪೋಸ್ಟನ್ನು ಪೋಸ್ಟಾಗಿಯೇ ಅಟ್ಟುವ 308 ಸಂಕೇತ ಕೊಡಬೇಕು.

ಪ್ರಶ್ನೆ ಕೇಳಿದವರು: ಎರಡು ಸಾಲೂ ಬದಲಿಸಿ ರೀಲೋಡ್ ಮಾಡಿದೆ. ಸ್ಲ್ಯಾಶ್ ಮತ್ತೆ ಹಾಜರ್!

— ಬ್ರೌಸರ್ ಹಳೆಯ 301 ಅನ್ನು ನೆನಪಿಟ್ಟುಕೊಂಡಿದೆ. ಬ್ರೌಸರ್ ಬಿಟ್ಟು ಸರ್ವರನ್ನೇ ನೇರ ಕೇಳುವ ‘ಕರ್ಲ್ -ಐ’ ಆಜ್ಞೆ ಕೊಟ್ಟು ನೋಡಿ, ಸರ್ವರ್ ಏನು ಹೇಳುತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಹೌದು, ಕರ್ಲ್‌ನಲ್ಲಿ 200 (‘ಎಲ್ಲ ಸರಿ’ ಎಂಬ ಸಂಕೇತ) ಬಂತು! ಆದರೆ ಪುಟದ ಚಿತ್ರಗಳು ಕಾಣೆಯಾಗಿವೆ.

— ‘ಚಿತ್ರ.ಪಿಎನ್‌ಜಿ’ ಎಂದಷ್ಟೇ ಬರೆದಿದ್ದೀರಿ. ಸ್ಲ್ಯಾಶ್ ಹೋದ ಮೇಲೆ ಬ್ರೌಸರ್ ಅದನ್ನು ‘/ವರದಿ/’ಯಲ್ಲಿ ಹುಡುಕದೆ ಮೂಲ ಫೋಲ್ಡರಿನಲ್ಲಿ ಹುಡುಕುತ್ತದೆ. ‘/ವರದಿ/ಚಿತ್ರ.ಪಿಎನ್‌ಜಿ’ ಎಂದು ಪೂರ್ತಿ ದಾರಿ ಕೊಡಿ.