ರೀಸೈಜ್ ಮಾಡುವಾಗ ಕರೆಂಟ್ ಹೋಗಿ ಡಿ ಡ್ರೈವ್ ತೆರೀವಲ್ದು, ಡೇಟಾ ತಗಿಯೂದು ಹೆಂಗ?

ಕೇಳಿದವರು: ಜಮಖಂಡಿ, ಡಿಟಿಪಿ ಅಂಗಡಿ

ನಮಸ್ಕಾರ್ರಿ ಎಲ್ಲಾರಿಗೂ. ಡೆಸ್ಕ್‌ಟಾಪ್‌ನ್ಯಾಗ 1 ಟಿಬಿ ಹಾರ್ಡ್‌ಡಿಸ್ಕ್ ಐತಿ, ವಿಂಡೋಸ್ 10. ಸಿ 150 ಜಿಬಿ, ಡಿ 400 ಜಿಬಿ, ಉಳಿದದ್ದು ಇ. ಸಿ ಪೂರ್ತಿ ತುಂಬಿತ್ತು. ಒಂದು ಪಾರ್ಟಿಶನ್ ಸಾಫ್ಟ್‌ವೇರ್ ಹಾಕಿ ಡಿ ಒಳಗಿಂದ 100 ಜಿಬಿ ತಗದು ಸಿಗೆ ಕೊಡಾಕ ಹಚ್ಚಿದ್ದೆ. ಅರ್ಧಕ್ಕ ಕರೆಂಟ್ ಹೋತು. ಈಗ ಸಿ, ಇ ಎರಡೂ ಚಲೋ ಅದಾವ. ಡಿ ಒತ್ತಿದ್ರ ಫಾರ್ಮ್ಯಾಟ್ ಮಾಡ್ಬೇಕು ಅಂತೈತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ್ಯಾಗ ಸಿ ಆದಮ್ಯಾಲ 100 ಜಿಬಿ ಅನ್‌ಅಲೊಕೇಟೆಡ್, ಅದರ ಮುಂದ ಡಿ 300 ಜಿಬಿ, ‘ರಾ’ ಅಂತ ತೋರಸ್ತೈತಿ. ಚೆಕ್‌ಡಿಸ್ಕ್ ಕೊಟ್ರ ರಾ ಡ್ರೈವ್‌ಗೆ ನಡೆಯಂಗಿಲ್ಲ ಅಂತು. ಒಳಗ ಸುಮಾರು 260 ಜಿಬಿ ಐತಿ: ಲಗ್ನಪತ್ರಿಕೆ, ಬ್ಯಾನರ್‌ದ ಕೋರೆಲ್‌ಡ್ರಾ ಫೈಲ್, ನುಡಿಯೊಳಗ ಟೈಪ್ ಮಾಡಿದ್ದು, ಫೋಟೋ. ಬ್ಯಾಕಪ್ ಇಲ್ಲ. ಕ್ವಿಕ್ ಫಾರ್ಮ್ಯಾಟ್ ಹೊಡದು ಆಮ್ಯಾಲ ರಿಕವರಿ ಸಾಫ್ಟ್‌ವೇರ್ ಹಾಕ್ರಿ ಅಂತ ಒಬ್ರು ಹೇಳ್ಯಾರ. ಮಾಡ್ಲ್ಯೋ ಬ್ಯಾಡೋ?

ಬಾಗಲಕೋಟೆ ನವನಗರ, ಹಾರ್ಡ್‌ವೇರ್ ಸರ್ವಿಸ್

ಬ್ಯಾಡ್ರಿ ಅಣ್ಣಾರ. ಕ್ವಿಕ್ ಫಾರ್ಮ್ಯಾಟ್ ಅಂದ್ರ ಏನೂ ಅಳಸಂಗಿಲ್ಲ ಅಂತ ಭಾಳ ಮಂದಿ ತಿಳ್ಕೊಂಡಾರ. ಅದು ಹೊಸ ಬೂಟ್ ಸೆಕ್ಟರ್ (ಪಾರ್ಟಿಶನ್‌ದ ಮೊದಲ ಸೆಕ್ಟರ್), ಹೊಸ ಖಾಲಿ ಎಂಎಫ್‌ಟಿ (ಯಾವ ಫೈಲ್ ಎಲ್ಲೈತಿ ಅನ್ನೂ ಪಟ್ಟಿ), ಹೊಸ ಲಾಗ್ ಫೈಲ್ ಬರೀತೈತಿ. ನಿಮ್ಮ ಡಿ ಈಗ ತೋರಸೂ ಜಾಗಾನ ಖರೇ ಜಾಗಾ ಅಲ್ಲ, ಹಂಗಾಗಿ ಅದು ಹೋಗಿ ಕೂಡೂದು ನಿಮ್ಮ ಫೈಲ್‌ಗಳ ನಡುವ. ಇದ ಡಿಸ್ಕ್ ಎಸ್‌ಎಸ್‌ಡಿ ಇದ್ದಿದ್ರ ಇನ್ನೂ ಕೆಟ್ಟ: ಫಾರ್ಮ್ಯಾಟ್ ಮಾಡಿದ ಕೂಡ್ಲೆ ವಿಂಡೋಸ್ ಟ್ರಿಮ್ (ಈ ಜಾಗಾ ಖಾಲಿ ಅಂತ ಡಿಸ್ಕ್‌ಗೆ ಹೇಳೂ ಆಜ್ಞೆ) ಕಳಸ್ತೈತಿ, ಆಮ್ಯಾಲ ಓದಿದ್ರ ಬರೇ ಸೊನ್ನಿ.

ಮೊದಲ ಆ ಮಷೀನ್ ಬಂದ್ ಮಾಡಿ ಡಿಸ್ಕ್ ಬಿಚ್ರಿ. ಕೆಲವು ಪಾರ್ಟಿಶನ್ ಸಾಫ್ಟ್‌ವೇರ್ ಅರ್ಧಕ್ಕ ನಿಂತ ಕೆಲಸಾನ ಮುಂದಿನ ಬೂಟ್‌ನ್ಯಾಗ ತಾವ ಮುಂದುವರಸಾಕ ನೋಡ್ತಾವ. ಎಲ್ಲಿ ನಿಂತಿತ್ತು ಅನ್ನೂದು ಅದಕ್ಕ ತಪ್ಪಿ ತಿಳದಿದ್ರ ಉಳದದ್ದೂ ಹೋಕ್ಕೈತಿ. ಬ್ಯಾರೆ ಮಷೀನ್‌ಗೆ ಎರಡನೇ ಡಿಸ್ಕ್ ಆಗಿ ಹಚ್ಚಿ ಕ್ರಿಸ್ಟಲ್ ಡಿಸ್ಕ್ ಇನ್ಫೋದಾಗ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ್ದು ತಾನ ಇಡೂ ಲೆಕ್ಕ) ನೋಡ್ರಿ. 5, 197, 198 ಈ ಮೂರು ನಂಬರ್‌ನ ಮುಂದ ಸೊನ್ನಿ ಇರಬೇಕು. 197 ಅಂದ್ರ ಓದಾಕ ಬರದ ಸೆಕ್ಟರ್ ಕಾದು ಕುಂತಾವ ಅಂತ. 199 ಅಷ್ಟ ಏರಿದ್ರ ಡಿಸ್ಕಿಂದಲ್ಲ, ಸಾಟಾ ಕೇಬಲ್‌ದ ತಕರಾರು. ಕೇಬಲ್ ಬದಲಿ ಮಾಡ್ರಿ. ಡಿಸ್ಕ್ ಟಕ್ ಟಕ್ ಅಂದ್ರ ಮಾತ್ರ ಅಲ್ಲೇ ನಿಲ್ಲಸ್ರಿ, ಅದು ಕ್ಲೀನ್‌ರೂಮ್ ಇದ್ದವರ ಕೆಲಸ.

ಬೆಳಗಾವಿ, ಡೇಟಾ ರಿಕವರಿ

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ. ಡಿ 300 ಜಿಬಿ ಎಂದು ತೋರಿಸುತ್ತಿದೆ, ಅದರ ಎಡಕ್ಕೆ 100 ಜಿಬಿ ಖಾಲಿ. ಅಂದರೆ ಪಾರ್ಟಿಶನ್ ಟೇಬಲ್‌ನಲ್ಲಿ ಹೊಸ ಆರಂಭ ಬರೆದಾಗಿದೆ, ಆದರೆ ಡಿ ಡ್ರೈವಿನ ಬೂಟ್ ಸೆಕ್ಟರ್ ಇನ್ನೂ ಅಲ್ಲಿಗೆ ಬಂದಿಲ್ಲ. ಹೊಸ ಆರಂಭದಲ್ಲಿ ಈಗ ಇರುವುದು ಯಾವುದೋ ಫೈಲಿನ ನಡುವಿನ ತುಣುಕು. ವಿಂಡೋಸ್ ಅಲ್ಲಿ ತನ್ನ ಫೈಲ್ ಸಿಸ್ಟಮ್ ಆದ ‘ಎನ್‌ಟಿಎಫ್‌ಎಸ್’ನ ಗುರುತು ಹುಡುಕಿ, ಸಿಗದೆ ‘ರಾ’ ಎಂದಿದೆ.

ಬಲಕ್ಕೆ ಸರಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದು ಸುಲಭ. ಸಾಫ್ಟ್‌ವೇರ್ ಮೊದಲು 400 ಜಿಬಿಯ ಫೈಲ್ ಸಿಸ್ಟಮ್ ಅನ್ನು ಇದ್ದಲ್ಲೇ 300ಕ್ಕೆ ಕುಗ್ಗಿಸುತ್ತದೆ. ನಂತರ ಇಡೀ 300 ಜಿಬಿಯನ್ನು 100 ಜಿಬಿ ಬಲಕ್ಕೆ ನಕಲು ಮಾಡುತ್ತದೆ. ಹಳೆ ಜಾಗ, ಹೊಸ ಜಾಗ ಒಂದರ ಮೇಲೊಂದು ಬರುವುದರಿಂದ ನಕಲು ಬಲತುದಿಯಿಂದಲೇ ಶುರುವಾಗಬೇಕು. ಗೋದಾಮಿನ ಸಾಲು ಚೀಲ ಬಲಕ್ಕೆ ಸರಿಸುವಾಗ ಕೊನೆಯ ಚೀಲಕ್ಕೇ ಮೊದಲು ಕೈ ಹಾಕಿದಂತೆ. ಕರೆಂಟ್ ಹೋದಾಗ ಹಿಂದಿನ ಭಾಗ ಹೊಸ ಜಾಗಕ್ಕೆ ಬಂದಿತ್ತು, ಮುಂದಿನ ಭಾಗ ಹಳೆ ಜಾಗದಲ್ಲೇ ಇತ್ತು.

ಈಗ ಮುಖ್ಯ ಮಾತು. ನಿಂತ ಜಾಗದ ಸುತ್ತ, ಎಷ್ಟು ಸರಿಸಬೇಕಿತ್ತೋ ಅಷ್ಟೇ ಅಗಲದ, ಅಂದರೆ 100 ಜಿಬಿಯಷ್ಟು ಡೇಟಾ ಎರಡೂ ಕಡೆ ಇರುತ್ತದೆ. ನಕಲು ಆಗಿದೆ, ಆದರೆ ಅದರ ಹಳೆ ಪ್ರತಿಯ ಮೇಲೆ ಇನ್ನೂ ಏನೂ ಬಿದ್ದಿಲ್ಲ. ಹಾಗಾಗಿ ಸಾಮಾನ್ಯವಾಗಿ ಯಾವುದೂ ಕಳೆದಿರುವುದಿಲ್ಲ. ಹಳೆ ಜಾಗದಿಂದ ಮುಂಭಾಗ, ಹೊಸ ಜಾಗದಿಂದ ಹಿಂಭಾಗ ತೆಗೆದು ಜೋಡಿಸಿದರೆ ಡಿ ಪೂರ್ತಿ ಬರಬೇಕು. ಎಲ್ಲಿ ನಿಂತಿತು ಎಂದು ಸೆಕ್ಟರ್ ಲೆಕ್ಕದಲ್ಲಿ ತಿಳಿಯಬೇಕಾಗಿಯೂ ಇಲ್ಲ, ಆ 100 ಜಿಬಿಯೊಳಗೆ ಎಲ್ಲಿ ಕತ್ತರಿಸಿದರೂ ನಡೆಯುತ್ತದೆ. ಅಂಚಿಗೆ ಮಾತ್ರ ಹೋಗಬೇಡಿ. ಕ್ಯಾಶ್‌ನಲ್ಲಿದ್ದು ಡಿಸ್ಕ್‌ಗೆ ಇಳಿಯದ ಕೆಲವು ಎಂಬಿ ಅಲ್ಲೇ ಇರುತ್ತದೆ. ಸರಿಸಿದ್ದು 100 ಜಿಬಿಯ ಬದಲು ಬರೀ 1 ಎಂಬಿ ಆಗಿದ್ದರೆ ಈ ಸೌಲಭ್ಯವೇ ಇರುತ್ತಿರಲಿಲ್ಲ.

ಕಳೆದ ಪಾರ್ಟಿಶನ್ ಹುಡುಕುವ ಟೆಸ್ಟ್‌ಡಿಸ್ಕ್ ಸಾಫ್ಟ್‌ವೇರ್ ಬಗ್ಗೆ ಎಚ್ಚರ. ಅನಲೈಸ್, ನಂತರ ಕ್ವಿಕ್ ಸರ್ಚ್ ಕೊಟ್ಟರೆ ಹಳೆ ಆರಂಭದ ಡಿ ಸಿಗುವ ಸಾಧ್ಯತೆ ಹೆಚ್ಚು, ಪಿ ಒತ್ತಿದರೆ ಫೋಲ್ಡರ್‌ಗಳ ಹೆಸರೂ ಸರಿಯಾಗಿಯೇ ಕಾಣುತ್ತವೆ. ಹೆಸರುಗಳಿರುವ ಎಂಎಫ್‌ಟಿ ಸಾಮಾನ್ಯವಾಗಿ ಪಾರ್ಟಿಶನ್‌ನ ಆರಂಭದಿಂದ ಸುಮಾರು 3 ಜಿಬಿ ದೂರದಲ್ಲಿ ಶುರುವಾಗುವುದರಿಂದ ಅದು ಹಳೆ ಜಾಗದಲ್ಲಿ ಕದಲದೆ ಇದೆ. ಆ ಖುಷಿಯಲ್ಲಿ ರೈಟ್ ಒತ್ತಬೇಡಿ. ಹಿಂಭಾಗದ ಫೈಲ್‌ಗಳು ಹೆಸರಿಗೆ ಮಾತ್ರ ಇರುತ್ತವೆ, ಒಳಗೆ ಬೇರೆ ಫೈಲಿನ ಡೇಟಾ. ಮುಂದಿನ ಬೂಟ್‌ನಲ್ಲಿ ವಿಂಡೋಸ್ ತಾನಾಗಿ ಚೆಕ್‌ಡಿಸ್ಕ್ ಓಡಿಸಿ ಹೊಂದದ ಫೋಲ್ಡರ್‌ಗಳನ್ನು ‘ಸರಿಪಡಿಸಿ’ ಬಿಟ್ಟರೆ ಜೋಡಿಸಲು ಏನೂ ಉಳಿಯುವುದಿಲ್ಲ. ಟೆಸ್ಟ್‌ಡಿಸ್ಕ್‌ನಿಂದ ಹಳೆ ಆರಂಭದ ಸೆಕ್ಟರ್ ಸಂಖ್ಯೆ ಬರೆದುಕೊಳ್ಳಿ, ಕ್ವಿಟ್ ಕೊಟ್ಟು ಹೊರಬನ್ನಿ. ಅಷ್ಟು ಸಾಕು.

ವಿಜಯಪುರ, ಲಿನಕ್ಸ್ ಸರ್ವರ್ ಕೆಲಸ

ಮೇಲಿನವರು ಹೇಳಿದ್ದಕ್ಕೆ ಕೆಲಸದ ಕ್ರಮ ಕೊಡುತ್ತೇನೆ. 2 ಟಿಬಿ ಹೊಸ ಡಿಸ್ಕ್ ಬೇಕು. ಇಮೇಜ್ (ಇಡೀ ಡಿಸ್ಕ್‌ನ ಯಥಾವತ್ ಪ್ರತಿ) ಒಂದೇ ಫೈಲ್‌ನಲ್ಲಿ 1,00,020 ಕೋಟಿ ಬೈಟ್ ದಾಟುತ್ತದೆ, ಆಮೇಲೆ 260 ಜಿಬಿ ಡೇಟಾ ಇಳಿಸಲೂ ಜಾಗ ಬೇಕು. ಅದು ಎಫ್‌ಎಟಿ 32 ಇರಬಾರದು, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂಡುವುದಿಲ್ಲ. ಎನ್‌ಟಿಎಫ್‌ಎಸ್ ಸಾಕು.

ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ನಕಲು ಸಾಧನದಿಂದ ಇಡೀ ಡಿಸ್ಕ್‌ನ ಇಮೇಜ್ ತೆಗೆಯಿರಿ, ಡಿ ಒಂದರದ್ದೇ ಅಲ್ಲ. ಎಲ್ಲಿಯವರೆಗೆ ನಕಲಾಗಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ಮೂಲ ಯಾವುದು, ಗುರಿ ಯಾವುದು ಎಂದು ಡಿಸ್ಕ್‌ನ ಸೀರಿಯಲ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪ್ರತಿ ಬೂಟ್‌ಗೆ ಬದಲಾಗಬಹುದು. ಸಾಟಾದಲ್ಲಿ ಸೆಕೆಂಡಿಗೆ 100 ಎಂಬಿ ಹಿಡಿದರೆ ಸುಮಾರು ಮೂರು ತಾಸು. ಯುಎಸ್‌ಬಿ 2 ಪೋರ್ಟ್‌ಗೆ ಹಾಕಿದರೆ ಎಂಟು ತಾಸು ಮೀರುತ್ತದೆ. ಅಂಗಡಿಯ ಸಣ್ಣ ಯುಪಿಎಸ್ ಅಷ್ಟು ಹೊತ್ತು ಎಳೆಯುವುದಿಲ್ಲ, ಇನ್ವರ್ಟರ್ ಲೈನ್ ಮೇಲೆ ಹಾಕಿ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಚ್ಚಿಟ್ಟ ಡಿಸ್ಕ್ 50 ಡಿಗ್ರಿ ದಾಟುವುದು ಕಷ್ಟವೇನಲ್ಲ, ಟೇಬಲ್ ಫ್ಯಾನ್ ಗಾಳಿ ತಾಗುವಂತೆ ಇಡಿ.

ಇಮೇಜ್ ಆದ ಮೇಲೆ ಮೂಲ ಡಿಸ್ಕ್ ಕಪಾಟಿಗೆ. ಎರಡು ಸಂಖ್ಯೆ ಬೇಕು: ಟೆಸ್ಟ್‌ಡಿಸ್ಕ್ ಹೇಳಿದ ಹಳೆ ಆರಂಭ, ಪಾರ್ಟಿಶನ್ ಟೇಬಲ್‌ನಲ್ಲಿರುವ ಹೊಸ ಆರಂಭ. ಇವುಗಳ ವ್ಯತ್ಯಾಸವೇ ಸರಿದ ದೂರ. 100 ಜಿಬಿ ಎಂದುಕೊಂಡು ಲೆಕ್ಕ ಹಾಕಬೇಡಿ, ಸಾಫ್ಟ್‌ವೇರ್ ಕೆಲವೊಮ್ಮೆ ಕೆಲವು ಎಂಬಿ ಹೆಚ್ಚುಕಮ್ಮಿ ಮಾಡಿರುತ್ತದೆ. ನಂತರ ಹಳೆ ಆರಂಭದಿಂದ 10 ಜಿಬಿಗೆ ಒಂದರಂತೆ ಗುರುತು ಹಾಕಿ, ಪ್ರತಿ ಗುರುತಿನ 1 ಎಂಬಿಯನ್ನು ಅಲ್ಲಿಂದ ಸರಿದ ದೂರದಷ್ಟು ಮುಂದಿರುವ 1 ಎಂಬಿ ಜೊತೆ ಹೋಲಿಸಿ. ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರ್‌ನಲ್ಲಿ ಕಣ್ಣಿನಿಂದಲೇ ನೋಡಬಹುದು. ಎರಡೂ ಒಂದೇ ಇದ್ದರೆ ಆ ಗುರುತು ಇಮ್ಮಡಿ ಭಾಗದಲ್ಲಿದೆ. ಎರಡೂ ಬರೀ ಸೊನ್ನೆ ಇದ್ದರೆ ಲೆಕ್ಕಕ್ಕೆ ತಗೋಬೇಡಿ, ಖಾಲಿ ಜಾಗ ಎಲ್ಲಿಯೂ ಹೊಂದುತ್ತದೆ. ಸ್ವಲ್ಪ ಆಚೀಚೆ ಸರಿದು ಮತ್ತೆ ನೋಡಿ. ಸಿಕ್ಕ ಸಂಖ್ಯೆಗಳನ್ನು ಇಲ್ಲಿ ಹಾಕಿ.

ಬೆಳಗಾವಿ ಶಹಾಪುರ, ಕಾಲೇಜು ಲ್ಯಾಬ್

ಇದೇ ‘ರಾ’ ಬೇರೆ ಕಾರಣಕ್ಕೂ ಬರುತ್ತದೆ. ಓದುವ ಎಲ್ಲರ ಡಿಸ್ಕ್ ಮೇಲಿನಂತೆ ಇರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಲತುದಿಯನ್ನಷ್ಟೇ ಕುಗ್ಗಿಸಿದ್ದರೆ ಅಥವಾ ಹಿಗ್ಗಿಸಿದ್ದರೆ ಡೇಟಾ ಕದಲಿರುವುದಿಲ್ಲ. ಆಗ ಟೆಸ್ಟ್‌ಡಿಸ್ಕ್‌ನ ಅಡ್ವಾನ್ಸ್ಡ್, ಬೂಟ್ ಪುಟದಲ್ಲಿ ಬೂಟ್ ಸೆಕ್ಟರ್ ಮತ್ತು ಬ್ಯಾಕಪ್ ಎರಡರ ಸ್ಥಿತಿ ಕಾಣುತ್ತದೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನ ಪ್ರತಿಯನ್ನು ಪಾರ್ಟಿಶನ್‌ನ ಕೊನೆಯ ಸೆಕ್ಟರ್‌ನಲ್ಲಿ ಇಡುತ್ತದೆ. ಬ್ಯಾಕಪ್ ಸರಿ, ಮೊದಲನೆಯದು ಕೆಟ್ಟಿದೆ ಎಂದಿದ್ದರೆ ಬ್ಯಾಕಪ್ ಬಿಎಸ್ ಕೊಟ್ಟು ಮುಗಿಸಬಹುದು. ಆದರೆ ಟೇಬಲ್‌ನಲ್ಲಿ ಗಾತ್ರ ತಪ್ಪಿದ್ದರೆ ಆ ‘ಕೊನೆಯ ಸೆಕ್ಟರ್’ ಕೂಡ ತಪ್ಪು ಜಾಗವೇ, ಮೊದಲು ಗಾತ್ರ ಸರಿಮಾಡಿ.

ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಇದ್ದ ಡ್ರೈವ್ ಕೂಡ ರಾ ಎಂದು ಕಾಣಬಹುದು. ಮೊದಲ ಸೆಕ್ಟರ್‌ನಲ್ಲಿ ‘ಎಫ್‌ವಿಇ’ ಎಂಬ ಅಕ್ಷರಗಳು ಕಂಡರೆ 48 ಅಂಕಿಯ ರಿಕವರಿ ಕೀ ಹುಡುಕಿ. ಅದಿಲ್ಲದೆ ಯಾವ ಸಾಫ್ಟ್‌ವೇರ್‌ಗೆ ದುಡ್ಡು ಕೊಟ್ಟರೂ ವ್ಯರ್ಥ. ಹಾಗೆಯೇ ಎಕ್ಸ್‌ಟರ್ನಲ್ ಡಿಸ್ಕ್‌ನ ಪೆಟ್ಟಿಗೆ ಬಿಚ್ಚಿ ನೇರ ಸಾಟಾಗೆ ಹಾಕಿದಾಗ ಪಾರ್ಟಿಶನ್ ಮಾಯವಾದರೆ ಗಾಬರಿ ಬೇಡ. ಕೆಲವು ಪೆಟ್ಟಿಗೆಗಳ ಬೋರ್ಡ್ 512 ಬೈಟ್ ಸೆಕ್ಟರ್ ಅನ್ನು 4096 ಎಂದು ತೋರಿಸುತ್ತದೆ. ಅದೇ ಪೆಟ್ಟಿಗೆಗೆ ವಾಪಸ್ ಹಾಕಿದರೆ ತೆರೆಯುತ್ತದೆ.

ಬಾಗಲಕೋಟೆ ನವನಗರ, ಹಾರ್ಡ್‌ವೇರ್ ಸರ್ವಿಸ್

ಜೋಡಿಸೂದು ಆಗಲಿಲ್ಲ ಅಂದ್ರ ಕಡೀಗೆ ಫೋಟೋರೆಕ್ ಅನ್ನೂ ರಿಕವರಿ ಸಾಫ್ಟ್‌ವೇರ್. ಅದು ಹೆಸರು, ಫೋಲ್ಡರ್ ಯಾವದನ್ನೂ ನೋಡಂಗಿಲ್ಲ, ಫೈಲ್‌ನ ತಲಿ ಗುರುತು ಹಿಡದು ತಗೀತೈತಿ. 500 ಫೈಲ್‌ಗೆ ಒಂದು ಫೋಲ್ಡರ್, ಎಲ್ಲಾಕ್ಕೂ ನಂಬರ್ ಹೆಸರು. ಡಿಟಿಪಿ ಮಂದಿಗೆ ಎರಡು ಮಾತು. ಎಕ್ಸ್4 ಮತ್ತ ಅದರ ನಂತರದ ಕೋರೆಲ್‌ಡ್ರಾ ಫೈಲ್ ಒಳಗಿಂದ ಜಿಪ್ ಇರ್ತಾವ. ಬಂದ ಜಿಪ್‌ಗಳನ್ನ ಕಸ ಅಂತ ಒಗಿಬ್ಯಾಡ್ರಿ, ಒಳಗ ಕಂಟೆಂಟ್ ಅನ್ನೂ ಫೋಲ್ಡರ್ ಇದ್ರ ಹೆಸರಿನ ಕಡೀಗೆ ಸಿಡಿಆರ್ ಅಂತ ಹಾಕಿ ತೆರೀರಿ. ನುಡಿ ಆನ್ಸಿಯೊಳಗ ಟೈಪ್ ಮಾಡಿದ ಫೈಲ್‌ನ್ಯಾಗ ‘ಲಗ್ನ’ ಅಂತ ಯುನಿಕೋಡ್‌ನ್ಯಾಗ ಹುಡುಕಿದ್ರ ಒಂದೂ ಸಿಗಂಗಿಲ್ಲ. ಆ ಶಬ್ದಾನ ನುಡಿಯೊಳಗ ಹೊಡದು, ಫಾಂಟ್ ತಗದ ಮ್ಯಾಲ ಕಾಣೂ ಇಂಗ್ಲಿಷ್ ಅಕ್ಷರಾನ ಕಾಪಿ ಮಾಡಿ ಹುಡುಕ್ರಿ.

ಕೇಳಿದವರು: ಜಮಖಂಡಿ

ಇಮೇಜ್ ಆತ್ರಿ, ಕೆಟ್ಟ ಸೆಕ್ಟರ್ ಒಂದೂ ಇಲ್ಲ. ಹಳೆ ಆರಂಭ 315598848, ಟೇಬಲ್‌ನ್ಯಾಗ ಹೊಸ ಆರಂಭ 525314048. ಟೆಸ್ಟ್‌ಡಿಸ್ಕ್ ತೋರಸೂ ಗಾತ್ರ 629145600 ಸೆಕ್ಟರ್. ಹೋಲಿಸಿದ್ರ 190 ರಿಂದ 280 ಜಿಬಿ ತನಕ ಒಂದ ಇದ್ದಾವ. 180ಕ್ಕೂ 290ಕ್ಕೂ ಹೊಂದೂದಿಲ್ಲ. 240 ಬರೇ ಸೊನ್ನಿ ಇತ್ತು, 241ಕ್ಕ ನೋಡಿದೆ, ಹೊಂದೇತಿ.

ವಿಜಯಪುರ, ಲಿನಕ್ಸ್ ಸರ್ವರ್ ಕೆಲಸ

ಲೆಕ್ಕ ಸರಿಯಾಗಿ ಕೂತಿದೆ. ವ್ಯತ್ಯಾಸ 209715200 ಸೆಕ್ಟರ್, ಅಂದರೆ ಸರಿಯಾಗಿ 100 ಜಿಬಿ. ಹೊಂದುವ ಪಟ್ಟಿಯ ಅಗಲವೂ ಸುಮಾರು ಅಷ್ಟೇ ಬಂದಿರುವುದರಿಂದ ನಕಲು ಬಲದಿಂದ ಎಡಕ್ಕೆ ಸಾಲಾಗಿಯೇ ನಡೆದಿದೆ. 230 ಜಿಬಿಯಲ್ಲಿ ಕತ್ತರಿಸೋಣ.

ಮೊದಲ ತುಂಡು: ಸೆಕ್ಟರ್ 315598848 ರಿಂದ, ಉದ್ದ 482344960.
ಎರಡನೇ ತುಂಡು: ಸೆಕ್ಟರ್ 1007659008 ರಿಂದ, ಉದ್ದ 146800640.

ಕೂಡಿದರೆ 629145600, ಟೆಸ್ಟ್‌ಡಿಸ್ಕ್ ಹೇಳಿದ ಗಾತ್ರ. ಇವುಗಳನ್ನು ಲಿನಕ್ಸ್‌ನ ಡಿಡಿ ಎಂಬ ನಕಲು ಆಜ್ಞೆಯಿಂದ ಇನ್ನೊಂದು ಫೈಲ್‌ಗೆ ಒಂದರ ಹಿಂದೆ ಒಂದು ಇಳಿಸಬಹುದು, ಆದರೆ ಇನ್ನೂ 300 ಜಿಬಿ ಹೋಗುತ್ತದೆ. ತುಂಡುಗಳನ್ನು ನಕಲು ಮಾಡದೆ ಒಂದೇ ಡಿಸ್ಕ್‌ನಂತೆ ತೋರಿಸುವ ಲಿನಕ್ಸ್‌ನ ಡಿವೈಸ್ ಮ್ಯಾಪರ್ ಬಳಸಿದರೆ ಜಾಗವೇ ಬೇಡ. ಇಮೇಜ್ ಅನ್ನು ಓದಲು ಮಾತ್ರದ ಲೂಪ್ ಡಿವೈಸ್ (ಫೈಲ್ ಅನ್ನೇ ಡಿಸ್ಕ್‌ನಂತೆ ತೋರಿಸುವುದು) ಮಾಡಿ, ಡಿವೈಸ್ ಮ್ಯಾಪರ್‌ನ ಆಜ್ಞೆಯಾದ ಡಿಎಂಸೆಟಪ್‌ಗೆ ಎರಡು ಸಾಲಿನ ಟೇಬಲ್ ಕೊಡಿ. ಪ್ರತಿ ಸಾಲಿನಲ್ಲಿ ಕ್ರಮವಾಗಿ: ಜೋಡಿಸಿ ಬರುವ ಡಿವೈಸ್‌ನಲ್ಲಿ ಎಲ್ಲಿಂದ, ಎಷ್ಟು ಉದ್ದ, ‘ಲೀನಿಯರ್’ ಎಂಬ ಪದ, ಲೂಪ್ ಡಿವೈಸ್‌ನ ಹೆಸರು, ಅದರಲ್ಲಿ ಎಲ್ಲಿಂದ. ಮೊದಲ ಸಾಲು 0 ಯಿಂದ ಶುರು, ಎರಡನೆಯದು 482344960 ರಿಂದ. ಬರುವ ಡಿವೈಸ್ ಅನ್ನು ರೀಡ್ ಓನ್ಲಿ ಮೌಂಟ್ ಮಾಡಿ.

ಕೇಳಿದವರು: ಜಮಖಂಡಿ

ಡಿ ತೆರೀತ್ರಿ. ಫೋಲ್ಡರ್ ಎಲ್ಲಾ ಅದಾವ, ಕೋರೆಲ್ ಫೈಲೂ ತೆರದ್ವು. ಈಗ ಕಾಪಿ ಹಚ್ಚೇನಿ. ಮೂಲ ಡಿಸ್ಕ್ ಮತ್ತ ಬಳಸಬಹುದೇನು? ಸಿಗೆ ಜಾಗಾ ಇನ್ನೂ ಬೇಕಾಗೇತಿ.

ಬೆಳಗಾವಿ, ಡೇಟಾ ರಿಕವರಿ

ಡಿಸ್ಕ್ ಕೆಟ್ಟಿಲ್ಲ, ಬಳಸಬಹುದು. ಮೊದಲು ತೆಗೆದ ಡೇಟಾ ಪರೀಕ್ಷೆ ಮಾಡಿ. ಫೋಟೋ ಫೋಲ್ಡರ್‌ಗಳನ್ನು ದೊಡ್ಡ ಥಂಬ್‌ನೇಲ್‌ನಲ್ಲಿ ಓಡಿಸಿ. ಅರ್ಧ ಬೂದು ಬಣ್ಣದ ಚಿತ್ರಗಳು ಒಟ್ಟಾಗಿ ಕಂಡರೆ ಕತ್ತರಿಸಿದ ಜಾಗ ಸರಿಯಿಲ್ಲ ಎಂದರ್ಥ, 210 ಅಥವಾ 260ರಲ್ಲಿ ಕತ್ತರಿಸಿ ಮತ್ತೆ ನೋಡಿ. ಎಲ್ಲೋ ಒಂದೆರಡು ಕೆಟ್ಟಿದ್ದರೆ ಅವು ಮೊದಲೇ ಕೆಟ್ಟಿದ್ದಿರಬಹುದು. ಡೇಟಾದ ಎರಡು ಪ್ರತಿ ಎರಡು ಬೇರೆ ಡಿಸ್ಕ್‌ನಲ್ಲಿ ಆದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಅಳಿಸಿ. ಸಿ ಪಕ್ಕದಲ್ಲೇ 400 ಜಿಬಿ ಅನ್‌ಅಲೊಕೇಟೆಡ್ ಸಿಗುತ್ತದೆ. ಸಿ ಮೇಲೆ ಎಕ್ಸ್‌ಟೆಂಡ್ ಕೊಟ್ಟು 102400 ಎಂಬಿ ಹಾಕಿದರೆ ಯಾವ ಡೇಟಾವೂ ಕದಲದೆ ಕ್ಷಣದಲ್ಲಿ ಮುಗಿಯುತ್ತದೆ. ಉಳಿದದ್ದರಲ್ಲಿ ಹೊಸ ಡಿ ಮಾಡಿ ಡೇಟಾ ವಾಪಸ್ ಹಾಕಿ. ಆ ಪಾರ್ಟಿಶನ್ ಸಾಫ್ಟ್‌ವೇರ್ ಮಾತ್ರ ಸಿ ಹಿಗ್ಗಿಸುವ ಮೊದಲೇ ಅನ್‌ಇನ್‌ಸ್ಟಾಲ್ ಮಾಡಿ, ಬಾಕಿ ಉಳಿದ ಕೆಲಸ ಅದರ ಪಟ್ಟಿಯಲ್ಲಿ ಇನ್ನೂ ಇರಬಹುದು. ಅದು ಸಿ ಒಳಗೇ ಇರುವುದರಿಂದ, ಡಿಸ್ಕ್ ಅನ್ನು ಬೇರೆ ಮಷೀನ್‌ಗೆ ಎರಡನೆಯದಾಗಿ ಹಚ್ಚಿ ಹಳೆ ಡಿ ಅಳಿಸಿದ ಮೇಲೆಯೇ ನಿಮ್ಮ ವಿಂಡೋಸ್ ಬೂಟ್ ಮಾಡಿ.